ಬ್ರೋಕರ್ ಯಾರ ಕಡೆಯವರು? ಮನೆ, ಸೈಟ್ ವ್ಯವಹಾರದಲ್ಲಿ ಕಾನೂನು ಎಷ್ಟು ದೂರ ಜೊತೆಗೆ ಬರುತ್ತದೆ

"ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಸರ್, ಈಗಲೇ ಟೋಕನ್ ಹಾಕಿಬಿಡಿ." ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲೇ ಮನೆ ಹುಡುಕಿದರೂ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಸಂಜೆಯ ಆ ಪಾರ್ಟಿ ನಿಜವಾಗಿಯೂ ಇರಬಹುದು, ಇಲ್ಲದೆಯೂ ಇರಬಹುದು. ಮಾತು ಸುಳ್ಳು ಅಂತ ಆಮೇಲೆ ಗೊತ್ತಾದರೆ ಯಾರನ್ನು ಕೇಳುವುದು? ಟೋಕನ್ ಅಂತ ಮುಂಗಡ ಕೊಟ್ಟ ದುಡ್ಡು ವಾಪಸ್ ಬರುತ್ತದಾ?

ಇದಕ್ಕೆ ಒಂದೇ ಉತ್ತರ ಇಲ್ಲ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬುಕ್ ಮಾಡುತ್ತಿದ್ದರೆ ಒಂದು ಕಾನೂನು. ಯಾರೋ ಹತ್ತು ವರ್ಷ ವಾಸ ಮಾಡಿದ ಮನೆ ಕೊಳ್ಳುತ್ತಿದ್ದರೆ ಇನ್ನೊಂದು. ಬಾಡಿಗೆಗೆ ಹೋಗುತ್ತಿದ್ದರೆ ಮತ್ತೊಂದು, ಅದೂ ಹೆಚ್ಚು ಕಡಿಮೆ ಕಾಗದದ ಮೇಲೆ ಮಾತ್ರ. ಮೂರೂ ಕಡೆ ಬ್ರೋಕರ್ ಅದೇ ವ್ಯಕ್ತಿ ಆಗಿರಬಹುದು. ನನಗೆ ಕಾಣುವ ತೊಂದರೆ ಇಲ್ಲೇ ಇದೆ. ಜೀವನದಲ್ಲಿ ಒಂದೋ ಎರಡೋ ಸಲ ಮಾಡುವ ವ್ಯವಹಾರದಲ್ಲಿ ಕಾನೂನು ಬಿಗಿಯಾಗಿದೆ. ಎರಡು ವರ್ಷಕ್ಕೊಮ್ಮೆ ಮಾಡುವ ವ್ಯವಹಾರದಲ್ಲಿ ಅದು ಹತ್ತಿರ ಹತ್ತಿರ ಇಲ್ಲವೇ ಇಲ್ಲ.

ರೇರಾ ಬಂದ ಮೇಲೆ

ಮೊದಲು ಬಿಗಿಯಾಗಿರುವ ಕಡೆ ನೋಡೋಣ. 2016ರಲ್ಲಿ ಸಂಸತ್ತು ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ ಮಾಡಿತು. ನಾವೆಲ್ಲ ರೇರಾ ಅನ್ನುವುದು ಇದನ್ನೇ. ಪೂರ್ತಿಯಾಗಿ ಜಾರಿಗೆ ಬಂದದ್ದು 2017ರ ಮೇ 1ರಂದು. ಅದೇ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ಬಿಲ್ಡರ್‌ಗಳ ಬಗ್ಗೆ ಈ ಕಾಯ್ದೆ ಏನು ಹೇಳುತ್ತದೆ ಅನ್ನುವುದು ಸುಮಾರು ಜನಕ್ಕೆ ಗೊತ್ತು. ಬ್ರೋಕರ್‌ಗಳ ಬಗ್ಗೆಯೂ ಅದರಲ್ಲಿ ಸಾಕಷ್ಟು ಇದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ಏಜೆಂಟ್ ಅಂದರೆ ಯಾರು ಅನ್ನುವುದನ್ನು ಕಾಯ್ದೆ ತುಂಬ ಅಗಲವಾಗಿ ಹೇಳಿದೆ. ದುಡ್ಡು ತಗೊಂಡು ಒಬ್ಬರ ಪರವಾಗಿ ಮಾತಾಡುವವರು, ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದಲ್ಲಿ ಪರಿಚಯ ಮಾಡಿಸುವವರು, ಡೀಲರ್, ಬ್ರೋಕರ್, ಮಧ್ಯವರ್ತಿ, ಯಾವ ಹೆಸರಿಟ್ಟುಕೊಂಡರೂ ಸರಿ. ಆಫೀಸು, ಬೋರ್ಡು ಇರಲೇಬೇಕು ಅಂತಿಲ್ಲ. ಕಮಿಷನ್ನಿಗಾಗಿ ವಾಟ್ಸಾಪ್‌ನಲ್ಲಿ ಲೇಔಟ್ ಫೋಟೋ ಕಳಿಸುವ ಪರಿಚಯದವರೂ ಈ ಮಾತಿನೊಳಗೆ ಬರುತ್ತಾರೆ. ಇಂಥವರು ರೇರಾದಲ್ಲಿ ನೋಂದಣಿ ಆಗದೆ ನೋಂದಾಯಿತ ಪ್ರಾಜೆಕ್ಟಿನ ಫ್ಲ್ಯಾಟ್ ಆಗಲಿ ಸೈಟ್ ಆಗಲಿ ಮಾರಿಸಿಕೊಡುವ ಹಾಗಿಲ್ಲ. ಕರ್ನಾಟಕದಲ್ಲಿ ಒಬ್ಬ ವ್ಯಕ್ತಿಗೆ ನೋಂದಣಿ ಶುಲ್ಕ 25,000 ರೂಪಾಯಿ, ಕಂಪನಿಯೋ ಪಾಲುದಾರಿಕೆಯೋ ಆದರೆ 2 ಲಕ್ಷ. ಒಮ್ಮೆ ಮಾಡಿಸಿದರೆ 5 ವರ್ಷ.

ನೋಂದಾಯಿತ ಏಜೆಂಟಿಗೆ ಒಂದು ನಂಬರ್ ಸಿಗುತ್ತದೆ. ಮಾಡಿಸಿಕೊಡುವ ಪ್ರತಿಯೊಂದು ಮಾರಾಟದಲ್ಲೂ ಅದನ್ನು ನಮೂದಿಸಬೇಕು. ಈ ನಂಬರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಆಟ ನಡೆಯುವ ಜಾಗ ಇದು. ಕರ್ನಾಟಕ ರೇರಾದ ನಂಬರ್ 'ಪಿಆರ್‌ಎಂ/ಕೆಎ/ರೇರಾ' ಅಂತ ಶುರುವಾಗಿ, ಜಾಗದ ಸಂಕೇತಗಳಾದ ಮೇಲೆ ನಡುವೆ ಎರಡು ಅಕ್ಷರ ಬರುತ್ತದೆ. 'ಪಿಆರ್' ಇದ್ದರೆ ಅದು ಪ್ರಾಜೆಕ್ಟಿನ ನಂಬರ್. 'ಎಜಿ' ಇದ್ದರೆ ಏಜೆಂಟಿನದು. "ನಮ್ದು ರೇರಾ ನಂಬರ್ ಇದೆ ಸರ್" ಅಂತ ಬ್ರೋಕರ್ ತೋರಿಸಿದ್ದರ ನಡುವೆ 'ಪಿಆರ್' ಇದ್ದರೆ, ಅದು ಬಿಲ್ಡರಿನ ನಂಬರ್, ಬ್ರೋಕರ್‌ದಲ್ಲ. ಮೂರನೆಯದೊಂದಿದೆ. 'ಎಸಿಕೆ' ಅಂತ ಶುರುವಾದರೆ ಅದು ಅರ್ಜಿ ಹಾಕಿದ್ದಕ್ಕೆ ಸಿಕ್ಕ ಸ್ವೀಕೃತಿ ಅಷ್ಟೇ. ಅನುಮತಿ ಸಿಕ್ಕಿದೆ ಅಂತ ಅರ್ಥ ಅಲ್ಲ. ನೋಂದಣಿ ಆಗುವ ಮೊದಲು ಪ್ರಾಜೆಕ್ಟಿನ ಜಾಹೀರಾತು ಕೊಡುವುದು, ಬುಕಿಂಗ್ ತಗೊಳ್ಳುವುದು ಎರಡನ್ನೂ ಕಾಯ್ದೆ ತಡೆಯುತ್ತದೆ. "ರೇರಾ ಅಪ್ಲೈ ಆಗಿದೆ, ಪ್ರೀ ಲಾಂಚ್ ರೇಟಲ್ಲಿ ಕೊಡ್ತೀವಿ" ಅನ್ನುವ ಮಾತಿನಲ್ಲೇ ತಪ್ಪೊಪ್ಪಿಗೆ ಇದೆ. ನೋಂದಣಿ ಆಗದ ಪ್ರಾಜೆಕ್ಟನ್ನು ಮಾರಿಸಿಕೊಡಬಾರದು ಅನ್ನುವುದು ಏಜೆಂಟಿನ ಮೊದಲ ಕರ್ತವ್ಯ.

ಯಾವ ಪ್ರಾಜೆಕ್ಟ್ ನೋಂದಣಿ ಆಗಬೇಕು? ಜಾಗ 500 ಚದರ ಮೀಟರ್ ಮೀರಿದರೆ, ಅಥವಾ ಫ್ಲ್ಯಾಟ್ 8ಕ್ಕಿಂತ ಜಾಸ್ತಿ ಇದ್ದರೆ. ಊರ ಹೊರಗಿನ ಹೊಲವನ್ನು ಕನ್ವರ್ಷನ್, ಅಂದರೆ ಕೃಷಿಯೇತರ ಬಳಕೆಗೆ ಅನುಮತಿ, ಇಲ್ಲದೆ ಸೈಟ್ ಮಾಡಿ ಮಾರುವ ರೆವಿನ್ಯೂ ಲೇಔಟುಗಳು ಬಹುತೇಕ ಈ ಅಳತೆ ದಾಟುತ್ತವೆ. ಇತ್ತೀಚೆಗೆ ಫಾರ್ಮ್ ಪ್ಲಾಟ್ ಅನ್ನುವ ಹೊಸ ಅವತಾರ ಬಂದಿದೆ. 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಅದಾದ ಮೇಲೆ "ಇದು ತೋಟ ಸರ್, ಸೈಟ್ ಅಲ್ಲ, ರೇರಾ ಬೇಡ" ಅನ್ನುವ ಮಾತು ಜೋರಾಗಿದೆ. ರಸ್ತೆ, ಕ್ಲಬ್ ಹೌಸ್, ಕಾಂಪೌಂಡ್ ಎಲ್ಲ ಇರುವ ತೋಟ! ಅಲ್ಲಿ ಕಾಲು ಎಕರೆ ಕೊಳ್ಳುವವರು ಒಂದು ತಿಳಿದಿರಬೇಕು. ರೇರಾ ಬೇಡ ಅನ್ನುವುದು ನಿಜವೇ ಆದರೆ, ಬ್ರೋಕರ್ ಮೇಲೆ ರೇರಾ ದೂರೂ ಇಲ್ಲ.

ಬಾಯಿ ಮಾತಿಗೂ ಲೆಕ್ಕ ಉಂಟು

ರೇರಾದ 10ನೇ ಸೆಕ್ಷನ್ ಏಜೆಂಟಿನ ಕೆಲಸಗಳನ್ನು ಹೇಳುತ್ತದೆ. ಲೆಕ್ಕದ ಪುಸ್ತಕ ಇಡಬೇಕು. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಲ್ಲಬೇಕಾದ ಮಾಹಿತಿ, ಕಾಗದ ಎಲ್ಲ ಅವರ ಕೈಗೆ ಸೇರುವ ಹಾಗೆ ನೋಡಿಕೊಳ್ಳಬೇಕು. ಇಲ್ಲದ ಅನುಮತಿ ಇದೆ ಅನ್ನಬಾರದು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದೇ ಪದ. ಬರಹದಲ್ಲಿ ಆಗಲಿ, ಬಾಯಿ ಮಾತಲ್ಲಿ ಆಗಲಿ, ಕಣ್ಣಿಗೆ ಕಾಣುವ ಚಿತ್ರದಲ್ಲಿ ಆಗಲಿ ಸುಳ್ಳು ಹೇಳಬಾರದು ಅಂತಿದೆ. ಬಾಯಿ ಮಾತು. ಬ್ರೋಕರ್ ವ್ಯವಹಾರ ನಿಂತಿರುವುದೇ ಅದರ ಮೇಲೆ ಅಲ್ವಾ? "ಮೆಟ್ರೋ ಸ್ಟೇಷನ್ ಎದುರಿಗೇ ಬರುತ್ತೆ", "ಕಾವೇರಿ ನೀರು ಸ್ಯಾಂಕ್ಷನ್ ಆಗಿದೆ", "ಓಸಿ ಮುಂದಿನ ತಿಂಗಳು ಕೈಗೆ". (ಓಸಿ ಅಂದರೆ ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ.) ಕಾಗದದಲ್ಲಿ ಇವು ಯಾವುವೂ ಇರುವುದಿಲ್ಲ. ಆದರೂ ಕಾನೂನಿನ ಕಣ್ಣಲ್ಲಿ ಇವು ಲೆಕ್ಕಕ್ಕೆ ಬರುತ್ತವೆ.

ಲೆಕ್ಕಕ್ಕೆ ಬರಬೇಕಾದರೆ ರುಜುವಾತು ಬೇಕು. ಅದಕ್ಕೆ ಸುಲಭದ ದಾರಿ ಒಂದಿದೆ. ಸೈಟ್ ನೋಡಿ ಬಂದ ಸಂಜೆಯೇ ಬ್ರೋಕರಿಗೆ ಒಂದು ಮೆಸೇಜ್ ಹಾಕಿ: "ನೀವು ಇವತ್ತು ಓಸಿ ಮಾರ್ಚ್ ಒಳಗೆ ಬರುತ್ತೆ ಅಂದ್ರಿ, ಖಾತೆ ಇ-ಖಾತಾ ಅಂದ್ರಿ, ಸರಿ ತಾನೆ?" ಹೌದು ಅಂತ ಬರೆದರೆ ದಾಖಲೆ ಆಯಿತು. "ಕಾಲ್ ಮಾಡಿ ಸರ್" ಅಂತ ಉತ್ತರ ಬಂದರೆ ಅದೂ ಒಂದು ಮಾಹಿತಿಯೇ. ಚಾಟ್ ಅಳಿಸಬೇಡಿ, ಫೋನ್ ಬದಲಿಸುವಾಗಲೂ ಉಳಿಸಿಕೊಳ್ಳಿ.

ತಪ್ಪಿದರೆ ಶಿಕ್ಷೆ ಏನು? ತಪ್ಪು ಮುಂದುವರಿದ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಸೇರಿ ಆ ಆಸ್ತಿಯ ಬೆಲೆಯ ಶೇ. 5ರವರೆಗೆ. 80 ಲಕ್ಷದ ಫ್ಲ್ಯಾಟ್ ಆದರೆ 4 ಲಕ್ಷ. ನೋಂದಣಿಯಲ್ಲೇ ಮೋಸ ಇದ್ದರೆ, ಷರತ್ತು ಮುರಿದರೆ ರೇರಾ ಪ್ರಾಧಿಕಾರ ನೋಂದಣಿ ರದ್ದು ಮಾಡಬಹುದು. ದೂರನ್ನು ಬಿಲ್ಡರ್ ಮೇಲಷ್ಟೇ ಅಲ್ಲ, ಏಜೆಂಟ್ ಮೇಲೂ ಹಾಕಬಹುದು ಅಂತ 31ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಜನ ದೂರು ಬರೆಯುವಾಗ ಏಜೆಂಟಿನ ಹೆಸರು ಸೇರಿಸುವುದನ್ನೇ ಮರೆಯುತ್ತಾರೆ. ಬಿಲ್ಡರ್ ದೊಡ್ಡ ಮೀನು, ಬ್ರೋಕರ್ ಪಾಪ ಸಣ್ಣವನು ಅನ್ನುವ ಭಾವನೆ. ಸುಳ್ಳು ಹೇಳಿದ್ದು ಅವನೇ ಆದರೆ ಅವನ ಹೆಸರೂ ಇರಬೇಕು.

ಒಂದು ಕಹಿ ಮಾತನ್ನೂ ಹೇಳಬೇಕು. ಆದೇಶ ಸಿಗುವುದು ಬೇರೆ, ಹಣ ಸಿಗುವುದು ಬೇರೆ. ರೇರಾ ಆದೇಶದ ಹಣವನ್ನು ಭೂ ಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬೇಕು. ಅಂದರೆ ಫೈಲು ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ತಹಸೀಲ್ದಾರ್ ಕಚೇರಿಗೆ ಹೋಗುತ್ತದೆ. ಅಲ್ಲಿ ಈ ಫೈಲಿನ ಜೊತೆ ಇನ್ನೂ ನೂರು ಕೆಲಸ ಇರುತ್ತದೆ. ಆದೇಶ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕಾಯುವವರು ಕರ್ನಾಟಕದಲ್ಲಿ ಕಡಿಮೆ ಇಲ್ಲ. ಹಾಗಾಗಿ ಮೊದಲೇ ಜಾಸ್ತಿ ದುಡ್ಡು ಕೊಡದಿರುವುದು ಜಾಣತನ. ನೋಂದಾಯಿತ ಮಾರಾಟ ಕರಾರು ಆಗುವ ಮುಂಚೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಹಣ ತಗೊಳ್ಳಲು ಬಿಲ್ಡರಿಗೇ ಅವಕಾಶ ಇಲ್ಲ. "ಶೇ. 20 ಕಟ್ಟಿ, ಅಗ್ರಿಮೆಂಟ್ ಆಮೇಲೆ ಮಾಡೋಣ" ಅಂತ ಬ್ರೋಕರ್ ಹೇಳಿದರೆ ಕಾನೂನು ಮುರಿಯಿರಿ ಅಂತ ಹೇಳಿದ ಹಾಗೆ.

ನೆರೆಯ ಮಹಾರಾಷ್ಟ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ, ಅರ್ಹತಾ ಪ್ರಮಾಣಪತ್ರ ಕಡ್ಡಾಯ ಮಾಡಿದರು. ಕನ್ವರ್ಷನ್ ಅಂದರೇನು, ಋಣಭಾರ ಪತ್ರ ಅಂದರೇನು ಅನ್ನುವಷ್ಟು ತಿಳಿಯದವರು ಒಂದು ಕುಟುಂಬದ ಜೀವಮಾನದ ಉಳಿತಾಯದ ಬಗ್ಗೆ ಸಲಹೆ ಕೊಡಬಾರದು ಅನ್ನುವುದು ಸರಿಯಾದ ವಾದವೇ.

ದುಡ್ಡು ಕೊಡುವವರು ಯಾರು?

"ನಿಮ್ಮಿಂದ ಒಂದು ರೂಪಾಯಿ ಬೇಡ, ಸರ್ವಿಸ್ ಫ್ರೀ" ಅಂತ ಹೇಳಿ ನಾಲ್ಕು ಪ್ರಾಜೆಕ್ಟ್ ಕಾರಲ್ಲಿ ಸುತ್ತಾಡಿಸುವವರು ಇರುತ್ತಾರೆ. ಚಾನೆಲ್ ಪಾರ್ಟ್ನರ್ ಅಂತ ಹೆಸರು. ಅವರಿಗೆ ಕಮಿಷನ್ ಕೊಡುವುದು ಬಿಲ್ಡರ್. ಯಾವ ಬಿಲ್ಡರ್ ಜಾಸ್ತಿ ಕೊಡುತ್ತಾರೋ ಆ ಫ್ಲ್ಯಾಟಿನ ಗಾಳಿ, ಬೆಳಕು, ವಾಸ್ತು ಎಲ್ಲ ಚೆನ್ನಾಗಿರುತ್ತದೆ. ಇದರಲ್ಲಿ ಅಪರಾಧ ಏನಿಲ್ಲ, ಅವರು ಬಿಲ್ಡರಿನ ಕಡೆಯವರು ಅನ್ನುವುದು ನಮಗೆ ಗೊತ್ತಿದ್ದರೆ. ತೊಂದರೆ ಬರುವುದು ಅವರು ನಮ್ಮ ಕಡೆಯವರು ಅಂತ ನಾವು ನಂಬಿದಾಗ. ಇನ್ನೊಂದು ಪೇಚು: ನೀವು ದುಡ್ಡೇ ಕೊಡದ ಸೇವೆಯ ಮೇಲೆ ಗ್ರಾಹಕರ ಆಯೋಗಕ್ಕೆ ಹೋದರೆ, ಇವರು ನಮ್ಮ ಗ್ರಾಹಕರೇ ಅಲ್ಲ ಅನ್ನುವ ತಕರಾರು ಏಳುತ್ತದೆ.

ಯಾರು ಯಾರ ಪರ ಅನ್ನುವುದರ ಬಗ್ಗೆ ಚೊಕ್ಕವಾಗಿ ಮಾತಾಡುವ ಕಾನೂನು ಹಳೆಯದು, 1872ರ ಕರಾರು ಕಾಯ್ದೆ. ಏಜೆಂಟ್ ತನ್ನ ಯಜಮಾನನಿಗೆ, ಅಂದರೆ ಕೆಲಸ ಒಪ್ಪಿಸಿದವರಿಗೆ, ಲೆಕ್ಕ ಕೊಡಬೇಕು, ಶ್ರದ್ಧೆಯಿಂದ ಕೆಲಸ ಮಾಡಬೇಕು, ತೊಡಕು ಬಂದರೆ ತಿಳಿಸಬೇಕು. ಆ ಕಾಯ್ದೆಯಲ್ಲಿ ಸೆಕ್ಷನ್ನುಗಳ ಕೆಳಗೆ ಸಣ್ಣ ಸಣ್ಣ ಉದಾಹರಣೆಗಳಿವೆ. ಅದರಲ್ಲೊಂದು: ಒಬ್ಬರು ತಮಗಾಗಿ ಇಂಥ ಮನೆ ಕೊಂಡುಕೊಡು ಅಂತ ಏಜೆಂಟಿಗೆ ಹೇಳುತ್ತಾರೆ. ಏಜೆಂಟ್ "ಅದು ಸಿಗಲ್ಲ" ಅಂತ ಹೇಳಿ ತಾನೇ ಕೊಂಡುಕೊಳ್ಳುತ್ತಾನೆ. ವಿಷಯ ಗೊತ್ತಾದ ಮೇಲೆ, ಅವನು ಕೊಟ್ಟ ಬೆಲೆಗೇ ಆ ಮನೆಯನ್ನು ತನಗೆ ಮಾರು ಅಂತ ಯಜಮಾನ ಒತ್ತಾಯಿಸಬಹುದು. ಇನ್ನೊಂದರಲ್ಲಿ, ಮಾರಲು ಕೊಟ್ಟ ಎಸ್ಟೇಟಿನಲ್ಲಿ ಗಣಿ ಇರುವುದು ಏಜೆಂಟಿಗೆ ಗೊತ್ತಾಗುತ್ತದೆ. ಅದನ್ನು ಮುಚ್ಚಿಟ್ಟು ತಾನೇ ಕೊಳ್ಳುತ್ತಾನೆ. ಮಾಲೀಕ ಬೇಕಾದರೆ ಆ ಮಾರಾಟವನ್ನು ತಳ್ಳಿಹಾಕಬಹುದು. ನೂರೈವತ್ತು ವರ್ಷದ ಹಿಂದಿನ ಈ ಗಣಿಯ ಜಾಗದಲ್ಲಿ ಇವತ್ತು ರಿಂಗ್ ರೋಡ್ ಅಂತ ಓದಿಕೊಂಡರೆ ಸಾಕು. ಊರಲ್ಲಿರುವ ವಯಸ್ಸಾದವರ ಜಮೀನನ್ನು ಕಡಿಮೆಗೆ ಮಾತಾಡಿ, ಬಾವಮೈದುನನ ಹೆಸರಿಗೆ ಬರೆಸಿಕೊಂಡು, ಆರು ತಿಂಗಳಿಗೆ ದುಪ್ಪಟ್ಟಿಗೆ ಮಾರುವ ಬ್ರೋಕರ್ ಕಥೆ ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ? ಅಮೆರಿಕದಲ್ಲೋ ದುಬೈಯಲ್ಲೋ ಕೂತು, ಪರಿಚಯದ ಬ್ರೋಕರಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಬರೆದುಕೊಟ್ಟು ಮೈಸೂರಿನ ಸೈಟ್ ಮಾರಿಸುವ ಕನ್ನಡಿಗರು ಈ ಎರಡು ಉದಾಹರಣೆಗಳನ್ನು ಓದಲೇಬೇಕು. ಜಿಪಿಎ ಮೇಲೆ ಕೊಳ್ಳುವವರಿಗೂ ಒಂದು ಮಾತು: ಬರೀ ಜಿಪಿಎಯಿಂದ ಮಾಲೀಕತ್ವ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಹಳೆಯ ಮನೆ ಕೊಳ್ಳುವಾಗ ಜೊತೆಗಿರುವುದು ಬಹುಮಟ್ಟಿಗೆ ಈ ಹಳೆಯ ಕಾಯ್ದೆಯೇ. ಸ್ವತಂತ್ರ ಮನೆ, ಹಿಂದೆಂದೋ ಹಂಚಿಕೆಯಾದ ಬಿಡಿಎ ಸೈಟ್, ಇಂಥವುಗಳ ಮರುಮಾರಾಟ ರೇರಾದ ನೋಂದಾಯಿತ ಪ್ರಾಜೆಕ್ಟ್ ಅನ್ನುವ ಚೌಕಟ್ಟಿಗೆ ಬರುವುದಿಲ್ಲ. ಇಲ್ಲಿ ಕಮಿಷನ್ನಿಗೆ ಮಿತಿಯೂ ಇಲ್ಲ. ಶೇ. 1, ಶೇ. 2 ಅನ್ನುವುದು ರೂಢಿ ಅಷ್ಟೇ, ಕಾನೂನಲ್ಲ. ಎರಡೂ ಕಡೆಯಿಂದ ತಗೊಳ್ಳುವುದೂ ರೂಢಿ. ಕೊಳ್ಳುವವರಿಗೆ ಬೆಲೆ ಇಳಿಸಿಕೊಡ್ತೀನಿ, ಮಾರುವವರಿಗೆ ಏರಿಸಿಕೊಡ್ತೀನಿ ಅಂತ ಒಬ್ಬನೇ ಇಬ್ಬರಿಗೂ ಹೇಳುವುದು ಹೇಗೆ ಸಾಧ್ಯ? ಬೆಲೆ ಏರಿದಷ್ಟೂ ಶೇಕಡಾವಾರು ಕಮಿಷನ್ ಏರುತ್ತದೆ ಅನ್ನುವುದನ್ನು ಮಾತ್ರ ಕೊಳ್ಳುವವರು ಮರೆಯಬಾರದು.

ಕಮಿಷನ್ ಯಾವಾಗ ಕೊಡಬೇಕು? ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಒಪ್ಪಿಸಿದ ಕೆಲಸ ಮುಗಿದ ಮೇಲೆ. ಕೆಲಸದಲ್ಲಿ ಅಕ್ರಮ ಮಾಡಿದ ಏಜೆಂಟಿಗೆ ಆ ಭಾಗದ ಪ್ರತಿಫಲದ ಹಕ್ಕೇ ಇಲ್ಲ. ಇದೆಲ್ಲ ಅದೇ 1872ರ ಕಾಯ್ದೆಯಲ್ಲಿದೆ. "ಅಗ್ರಿಮೆಂಟ್ ದಿನವೇ ಪೂರ್ತಿ ಕೊಡಬೇಕು, ಅದೇ ಪದ್ಧತಿ" ಅಂದರೆ ಒಪ್ಪಲೇಬೇಕು ಅಂತಿಲ್ಲ. ಅರ್ಧ ಅವತ್ತು, ಅರ್ಧ ರಿಜಿಸ್ಟ್ರೇಷನ್ ದಿನ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಎಂಟು ಸಾಲು ಸಾಕು. ನಮ್ಮಲ್ಲಿ ಲಕ್ಷಗಟ್ಟಲೆ ಕಮಿಷನ್ ಬರೀ ಬಾಯಿ ಮಾತಿನ ಮೇಲೆ ಕೈ ಬದಲಾಗುತ್ತದೆ, ಅಡುಗೆ ಕಾಂಟ್ರಾಕ್ಟಿಗೂ ಅದಕ್ಕಿಂತ ಜಾಸ್ತಿ ಬರೆದುಕೊಳ್ಳುತ್ತೇವೆ.

ಕ್ಯಾಶ್ ವಿಷಯಕ್ಕೆ ಬಂದರೆ ಈಗ ಅಪಾಯ ದೊಡ್ಡದು. ಬ್ರೋಕರ್ ಮೂಲಕ ಅಡ್ವಾನ್ಸ್ ಅಂತ ನಗದು ಕೊಟ್ಟರೆ ಕಳೆದುಕೊಳ್ಳುವ ಭಯ ಒಂದು ಕಡೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ಮುಂಗಡ ತಗೊಳ್ಳುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ಅದು ಇನ್ನೊಂದು ಕಡೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಆಸ್ತಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆ ಅಂತ ವಾದಿಗಳು ಹೇಳಿದ್ದರು. 2 ಲಕ್ಷ ಅಥವಾ ಅದಕ್ಕೂ ಜಾಸ್ತಿ ನಗದು ಕೊಟ್ಟಿದ್ದಾಗಿ ದಾವೆ ಬಂದರೆ ಕೋರ್ಟುಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ ಆ ತೀರ್ಪು ನಿರ್ದೇಶನ ಕೊಟ್ಟಿತು. ಅಂದರೆ, ಕ್ಯಾಶ್ ವಾಪಸ್ ಕೊಡಿಸಿ ಅಂತ ಕೋರ್ಟಿಗೆ ಹೋದರೆ ತೆರಿಗೆಯವರ ನೋಟಿಸೂ ಜೊತೆಗೆ ಬರಬಹುದು. ಹಣ ಹೋಗುವುದು ಮಾಲೀಕರ ಬ್ಯಾಂಕ್ ಖಾತೆಗೇ ಆಗಬೇಕು. ಬ್ರೋಕರಿನ ಫೋನ್ ಪೇಗೆ ಟೋಕನ್ ಕಳಿಸುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು.

ಬಾಡಿಗೆಯ ಬಯಲು

ಈಗ ಬಾಡಿಗೆಗೆ ಬರೋಣ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆ ಬ್ರೋಕರಿಗೆ ಅನ್ನುವುದು ಅಲಿಖಿತ ಶಾಸನ. ಹನ್ನೊಂದು ತಿಂಗಳಾದ ಮೇಲೆ ಅಗ್ರಿಮೆಂಟ್ ರಿನ್ಯೂ ಮಾಡಿಸಿದ್ದಕ್ಕೆ ಮತ್ತೆ ಅರ್ಧ ಕೇಳಿದವರನ್ನು ನಾನೇ ಕಂಡಿದ್ದೇನೆ. ಅವರು ಮಾಡಿದ್ದ ಕೆಲಸ ತಾರೀಕು ತಿದ್ದಿದ್ದು.

ರೇರಾ ಬರೀ ಮಾರಾಟಕ್ಕೆ, ಬಾಡಿಗೆಗೆ ಇಲ್ಲ. ಹಾಗಾದರೆ ಬಾಡಿಗೆ ಬ್ರೋಕರಿಗೆ ಕಾನೂನೇ ಇಲ್ಲವಾ? ಇದೆ, ತಮಾಷೆ ಅಂದರೆ ರೇರಾಕ್ಕಿಂತ ಮೊದಲಿಂದ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳು, ಎಸ್ಟೇಟ್ ಏಜೆಂಟರು ಕಂಟ್ರೋಲರ್ ಅನ್ನುವ ಅಧಿಕಾರಿಯ ಬಳಿ ನೋಂದಣಿ ಆಗಬೇಕು ಅಂತಿದೆ. ನಿಮ್ಮ ಬಡಾವಣೆಯ ಬ್ರೋಕರನ್ನು ಆ ನೋಂದಣಿ ಪತ್ರ ತೋರಿಸಿ ಅಂತ ಕೇಳಿ ನೋಡಿ, ನಗುತ್ತಾರೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ಮೀರಿದ ಮನೆಗಳಿಗೆ, ಉಳಿದ ಕಡೆ 2,000 ಮೀರಿದ ಮನೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಾಯ್ದೆ ಮಾಡಿದ ಕಾಲಕ್ಕೆ ಅದು ಒಳ್ಳೆಯ ಮನೆಯ ಬಾಡಿಗೆ. ಈಗ ಆ ದುಡ್ಡಿಗೆ ಬೈಕ್ ನಿಲ್ಲಿಸಲು ಜಾಗ ಸಿಗಬಹುದು. 2025ರಲ್ಲಿ ಸರ್ಕಾರ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದು, ಜೈಲು ಶಿಕ್ಷೆ ತೆಗೆದು ದಂಡ ಏರಿಸಲು ಹೊರಟಿತು. ಯಾವ ಮನೆಗೂ ಅನ್ವಯಿಸದ ಕಾಯ್ದೆಯಲ್ಲಿ ದಂಡ ಎಷ್ಟಿದ್ದರೇನು? ತಿದ್ದಬೇಕಾದ್ದು ಆ 3,500ರ ಸಾಲು.

ಈ ಬಯಲಿನಲ್ಲಿ ಬೆಳೆದ ಅತಿ ಕೆಟ್ಟ ಬೆಳೆ ಲೀಸ್ ಮೋಸ. ಲೀಸ್ ಅಂದರೆ ತಿಂಗಳ ಬಾಡಿಗೆ ಬದಲು ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಇರುವುದು, ಮನೆ ಬಿಡುವಾಗ ಅದನ್ನು ವಾಪಸ್ ಪಡೆಯುವುದು. ಬೆಂಗಳೂರಿನಲ್ಲಿ ಇದು ನಡೆಯುವ ರೀತಿ ಹೀಗೆ. ನಡುವಿನ ಏಜೆನ್ಸಿ ಮಾಲೀಕರ ಹತ್ತಿರ ಹೋಗಿ ಮನೆಯನ್ನು ಬಾಡಿಗೆಗೆ ಒಪ್ಪಿಸಿಕೊಳ್ಳುತ್ತದೆ, ತಿಂಗಳಿಗೆ ಇಷ್ಟು ಕೊಡ್ತೀವಿ ಅಂತ. ಅದೇ ಮನೆಯನ್ನು ಇನ್ನೊಂದು ಕುಟುಂಬಕ್ಕೆ ಲೀಸಿಗೆ ಕೊಟ್ಟು 10, 15 ಲಕ್ಷ ಒಟ್ಟಿಗೆ ತಗೊಳ್ಳುತ್ತದೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಸರಿಯಾಗಿ ಹೋಗುತ್ತದೆ. ಆಮೇಲೆ ನಿಲ್ಲುತ್ತದೆ, ಆಫೀಸಿಗೆ ಬೀಗ ಬೀಳುತ್ತದೆ. ಮಾಲೀಕರು ಬಂದು ಬಾಡಿಗೆ ಕೇಳಿದಾಗಲೇ ಆ ಮನೆಯವರಿಗೆ ವಿಷಯ ಗೊತ್ತಾಗುವುದು. ಅವರ ಲೀಸ್ ಪತ್ರದಲ್ಲಿ ಮಾಲೀಕರ ಸಹಿಯೇ ಇರುವುದಿಲ್ಲ.

ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ವಾಪಸ್ ಕಳಿಸುವುದುಂಟು. ಯಾವಾಗಲೂ ಹಾಗಲ್ಲ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ವಂಚನೆಗೆ ಇದೆ. 316ರ 5ನೇ ಉಪವಿಭಾಗ ಇನ್ನೂ ಖಡಕ್. ತನ್ನ ವೃತ್ತಿಯಲ್ಲಿ ನಂಬಿ ಒಪ್ಪಿಸಿದ ಆಸ್ತಿಯನ್ನು ನುಂಗಿದರೆ ಬ್ಯಾಂಕರ್, ವರ್ತಕ, ಬ್ರೋಕರ್, ಏಜೆಂಟ್, ಇವರಿಗೆ ಜೀವಾವಧಿವರೆಗೂ ಶಿಕ್ಷೆ ಆಗಬಹುದು. ಬ್ರೋಕರ್ ಅನ್ನುವ ಪದ ಆ ಸೆಕ್ಷನ್ನಿನಲ್ಲೇ ಇದೆ, ಹಳೆಯ ಐಪಿಸಿಯ 409ರಲ್ಲೂ ಇತ್ತು. ಹಣ ಒಪ್ಪಿಸಿದ್ದು ಅಂತ ತೋರಿಸುವ ದಾಖಲೆ ಇದ್ದರೆ ದೂರಿನಲ್ಲಿ ಈ ಸೆಕ್ಷನ್ ಬರೆದು ಕೊಡಿ.

ಅಷ್ಟು ದೂರ ಹೋಗದ ಜಗಳಗಳಿಗೆ ಗ್ರಾಹಕರ ಆಯೋಗ ಇದೆ. ಕಮಿಷನ್ ತಗೊಂಡು ಮನೆ ಕೊಡಿಸದವರು, ಇಲ್ಲದ ಪಾರ್ಕಿಂಗ್ ಇದೆ ಅಂದವರು, ಟೋಕನ್ ಇಟ್ಟುಕೊಂಡು ಫೋನ್ ಎತ್ತದವರು, ಎಲ್ಲರೂ ಸೇವಾ ನ್ಯೂನತೆಯ ಅಡಿ ಬರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಯಾವ ಆಯೋಗ ಅನ್ನುವುದು ಸೇವೆಗೆ ನೀವು ಕೊಟ್ಟ ಹಣದ ಮೇಲೆ ನಿಂತಿದೆ. ಬ್ರೋಕರಿಗೆ ಕೊಟ್ಟದ್ದು ಸಾಮಾನ್ಯವಾಗಿ 5 ಲಕ್ಷ ದಾಟುವುದಿಲ್ಲ, ಅಷ್ಟರವರೆಗೆ ದೂರಿಗೆ ಶುಲ್ಕವೇ ಇಲ್ಲ. ಜಿಲ್ಲಾ ಆಯೋಗದಲ್ಲಿ ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಎರಡು ವರ್ಷದ ಒಳಗೆ ಹಾಕಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿಕೊಳ್ಳುತ್ತಾರೆ. ರೇರಾಕ್ಕೆ ಹೋಗಬಹುದಾದ ಪ್ರಕರಣ ಆದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಲೀಸಿಗೆ ಹೋಗುವವರು ಮಾತ್ರ ಆಯೋಗ, ಠಾಣೆ ಎಲ್ಲಕ್ಕೂ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಮನೆಯ ಋಣಭಾರ ಪತ್ರ ತೆಗೆಯಿರಿ. ಮಾಲೀಕರ ಹೆಸರು ಅದರಲ್ಲಿ ಸಿಗುತ್ತದೆ, ಬ್ಯಾಂಕ್ ಸಾಲ ನೋಂದಣಿಯಾಗಿದ್ದರೆ ಅದೂ ಕಾಣುತ್ತದೆ. ಆ ಹೆಸರಿನವರನ್ನು ಮುಖತಃ ಭೇಟಿ ಮಾಡಿ, ಲೀಸ್ ಹಣ ಅವರ ಖಾತೆಗೇ ಹಾಕಿ. ಒಂದು ವರ್ಷ ಮೀರಿದ ಲೀಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು, ಖರ್ಚು ಜಾಸ್ತಿ ಅಂತ ಬ್ರೋಕರ್ ಬೇಡ ಅಂದರೂ ಸರಿ. "ಓನರ್ ಫಾರಿನ್‌ನಲ್ಲಿದ್ದಾರೆ, ಎಲ್ಲ ನಾವೇ ನೋಡ್ಕೋತೀವಿ" ಅಂದರೆ ಆ ಫಾರಿನ್ ಓನರ್ ಜೊತೆ ವಿಡಿಯೋ ಕಾಲ್ ಮಾಡಿಸಿ ಅನ್ನಿ. ಅವರ ಮುಖವನ್ನು ಗುರುತಿನ ಚೀಟಿಯ ಜೊತೆ ಹೋಲಿಸಿ ನೋಡುವವರೆಗೆ ಅಡ್ವಾನ್ಸ್ ಕೊಡಬೇಡಿ.